ಐಸ್‌ಲ್ಯಾಂಡ್ ಅನ್ನೋ ಹೆಸರು ಬಂದಿದ್ದು ಹೇಗೆ? ವೈಕಿಂಗರು ಮೋಸ ಮಾಡೋಕೆ ಇಟ್ಟಿದ್ದು ಅನ್ನೋದು ನಿಜಾನಾ?

ಹಾಸನದ_ಓದುಗ:
ಎಲ್ರಿಗೂ ನಮಸ್ಕಾರ. ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಆ ಫಾರ್ವರ್ಡ್ ಬಂದಿದೆ. ಐಸ್‌ಲ್ಯಾಂಡ್ ನೋಡಿದ್ರೆ ಹಸಿರು, ಗ್ರೀನ್‌ಲ್ಯಾಂಡ್ ನೋಡಿದ್ರೆ ಬರೀ ಮಂಜುಗಡ್ಡೆ, ಒಳ್ಳೇ ಜಾಗಕ್ಕೆ ಬೇರೆಯವ್ರು ಬರಬಾರದು ಅಂತ ವೈಕಿಂಗರು (ಸಾವಿರ ವರ್ಷದ ಹಿಂದಿನ ನಾರ್ವೆ, ಡೆನ್ಮಾರ್ಕ್ ಕಡೆಯ ಕಡಲಯಾನಿಗಳು) ಬೇಕಂತಲೇ ಹೆಸರು ಅದಲು ಬದಲು ಮಾಡಿದ್ರು ಅಂತ. ನಮ್ಮಕ್ಕನ ಮಗಳು ಇದನ್ನ ಸ್ಕೂಲ್ ಕ್ವಿಜ್‌ಗೆ ಬರ್ಕೊಂಡು ಹೋಗ್ತೀನಿ ಅಂತಿದಾಳೆ. ಒಂದು ದೇಶದ ಹೆಸರನ್ನ ಹಿಂಗೆ ಯಾರೋ ನಾಲ್ಕು ಜನ ಕೂತು ಪ್ಲಾನ್ ಮಾಡಿ ಇಡೋಕೆ ಆಗುತ್ತಾ, ಅದು ಸಾವಿರ ವರ್ಷ ನಿಲ್ಲುತ್ತಾ? ಸರಿಯಾಗಿ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಸಾಗಾ_ಪ್ರೇಮಿ:
ಸರ್ ಅದು ನಿಜ ಅಲ್ಲ, ಆದ್ರೆ ನಿಜವಾದ ಕಥೆ ಆ ಫಾರ್ವರ್ಡ್‌ಗಿಂತ ಚೆನ್ನಾಗಿದೆ, ಸ್ವಲ್ಪ ಉದ್ದ ಆಗುತ್ತೆ ಓದಿ.

ಐಸ್‌ಲ್ಯಾಂಡ್‌ನವರ ಹತ್ರ ಲಾಂಡ್‌ನಾಮಬೋಕ್ ಅಂತ ಒಂದು ಪುಸ್ತಕ ಇದೆ, ದ್ವೀಪಕ್ಕೆ ಯಾರ್ಯಾರು ಬಂದ್ರು, ಎಲ್ಲೆಲ್ಲಿ ಜಾಗ ಹಿಡಿದ್ರು, ಅವ್ರ ಮಕ್ಕಳು ಯಾರು ಅಂತ ಊರೂರಿನ ಲೆಕ್ಕ ಬರೆದಿಟ್ಟಿರೋ ಪುಸ್ತಕ. ಅದರ ಪ್ರಕಾರ ಈ ದ್ವೀಪಕ್ಕೆ ಐಸ್‌ಲ್ಯಾಂಡ್ ಅನ್ನೋದು ಮೊದಲನೇ ಹೆಸರೇ ಅಲ್ಲ, ಮೂರನೇದು.

ಮೊದಲು ಬಂದೋನು ನಡ್ಡೋಡ್. ನಾರ್ವೆಯಿಂದ ಫೇರೋ ದ್ವೀಪಗಳಿಗೆ ಹೊರಟಿದ್ದ, ಗಾಳಿಗೆ ದಾರಿ ತಪ್ಪಿ ಇಲ್ಲಿಯ ಪೂರ್ವ ಕರಾವಳಿಗೆ ಬಂದು ಬಿದ್ದ. ಎತ್ತರದ ಬೆಟ್ಟ ಹತ್ತಿ ಎಲ್ಲಾದ್ರೂ ಹೊಗೆ ಕಾಣ್ಸುತ್ತಾ, ಜನ ಇದಾರಾ ಅಂತ ನೋಡಿದ, ಯಾರೂ ಇಲ್ಲ. ವಾಪಸ್ ಹೊರಡೋವಾಗ ಬೆಟ್ಟಗಳ ಮೇಲೆ ಜೋರಾಗಿ ಹಿಮ ಬಿತ್ತು, ಅದಕ್ಕೇ ಸ್ನೈಲ್ಯಾಂಡ್ ಅಂದ, ಹಿಮದ ನಾಡು ಅಂತ. ಅಷ್ಟಾದ್ರೂ ಜಾಗ ಚೆನ್ನಾಗಿದೆ ಅಂತಲೇ ಹೊಗಳಿದ.

ಆಮೇಲೆ ಗಾರ್ದರ್ ಸ್ವಾವರ್ಸನ್ ಅನ್ನೋ ಸ್ವೀಡನ್ ಮೂಲದವನು ಬಂದ. ಅವನು ಪೂರ್ತಿ ಒಂದು ಸುತ್ತು ಹಡಗಲ್ಲಿ ಹೋಗಿ ಇದು ದ್ವೀಪ ಅಂತ ಖಾತ್ರಿ ಮಾಡ್ಕೊಂಡ, ಉತ್ತರದ ಹೂಸಾವಿಕ್‌ನಲ್ಲಿ ಮನೆ ಕಟ್ಟಿ ಚಳಿಗಾಲ ಕಳೆದ. ಅವನ ಹೆಸರಲ್ಲೇ ಗಾರ್ದರ್ಸ್‌ಹೋಲ್ಮ್ ಅಂತಾಯ್ತು. ವಸಂತದಲ್ಲಿ ಅವನು ಹೊರಟಾಗ ನಾಟ್‌ಫಾರಿ ಅನ್ನೋನು, ಜೊತೆಗೊಬ್ಬ ಗುಲಾಮ, ಒಬ್ಬ ದಾಸಿ ಅಲ್ಲೇ ಉಳ್ಕೊಂಡ್ರು. ಹಾಗೆ ನೋಡಿದ್ರೆ ಮೊದಲು ನೆಲೆ ನಿಂತೋರು ಇವ್ರೇ, ಆದ್ರೆ ಇತಿಹಾಸ ಅವ್ರಿಗೆ ಆ ಪಟ್ಟ ಕೊಡ್ಲಿಲ್ಲ, ನನಗೆ ಇದು ಯಾವಾಗ್ಲೂ ಬೇಜಾರು.

ಮೂರನೇಯವನೇ ಫ್ಲೋಕಿ. ಕಾಗೆ ಫ್ಲೋಕಿ ಅಂತಲೇ ಅವನನ್ನ ಕರೆಯೋದು, ನಮ್ಮ ಕಾಗೆ ಅಲ್ಲ, ರೇವನ್ ಅನ್ನೋ ದೊಡ್ಡ ಜಾತಿದು. ಆಗಿನ್ನೂ ಅಲ್ಲಿಯ ನಾವಿಕರ ಹತ್ರ ದಿಕ್ಕು ತೋರಿಸೋ ಸೂಜಿಗಲ್ಲು ಇರ್ಲಿಲ್ಲ, ಅದಕ್ಕೆ ಮೂರು ಕಾಗೆ ಒಯ್ದಿದ್ದ. ಫೇರೋ ದಾಟಿದ ಮೇಲೆ ಮೊದಲನೇದನ್ನ ಬಿಟ್ಟ, ಅದು ಬಂದ ದಾರಿಗೇ ವಾಪಸ್ ಹಾರಿತು. ಎರಡನೇದು ಮೇಲಕ್ಕೆ ಹೋಗಿ ಏನೂ ಕಾಣದೆ ಹಡಗಿಗೇ ಬಂತು. ಮೂರನೇದು ಮುಂದಕ್ಕೆ ಹಾರಿ ಹೋಯ್ತು, ಅದರ ಹಿಂದೆ ಹೋಗಿ ನೆಲ ಕಂಡ್ರು. ಅವನು ಮಾತ್ರ ಸುಮ್ನೆ ನೋಡ್ಕೊಂಡು ಹೋಗೋಕೆ ಬಂದೋನಲ್ಲ, ದನಕರು ಎಲ್ಲಾ ತುಂಬ್ಕೊಂಡು ಬಂದಿದ್ದ. ಪಶ್ಚಿಮದಲ್ಲಿ ಬ್ರೇದಾಫ್ಯೋರ್ದುರ್ ಅನ್ನೋ ದೊಡ್ಡ ಕೊಲ್ಲಿ, ಅದರ ಉತ್ತರ ದಡದ ವಾಟ್ನ್ಸ್‌ಫ್ಯೋರ್ದುರ್‌ನಲ್ಲಿ ಇಳಿದ. ಅಲ್ಲಿ ನೀರು ತುಂಬಾ ಮೀನು. ಬೇಸಿಗೆ ಪೂರ್ತಿ ಮೀನು ಹಿಡಿಯೋದ್ರಲ್ಲೇ ಮುಳುಗಿ ಒಣಹುಲ್ಲು ಕೊಯ್ದು ಕೂಡಿಡೋದನ್ನ ಬಿಟ್ಟರು. ಚಳಿಗಾಲದಲ್ಲಿ ತಂದಿದ್ದ ದನಕರು ಅಷ್ಟೂ ಸತ್ತು ಹೋದ್ವು. ಮುಂದಿನ ವಸಂತವೂ ಚಳಿಯೇ. ಫ್ಲೋಕಿ ಒಂದು ಎತ್ತರದ ಬೆಟ್ಟ ಹತ್ತಿ ಉತ್ತರಕ್ಕೆ ನೋಡಿದ, ಬೆಟ್ಟಗಳ ಆಚೆ ಒಂದು ಫ್ಯೋರ್ಡ್, ಅಂದ್ರೆ ಬೆಟ್ಟಗಳ ನಡುವೆ ಒಳಗೆ ಚಾಚಿರೋ ಕಡಲಿನ ಕೊಲ್ಲಿ, ಅದರ ತುಂಬಾ ಸಮುದ್ರದ ಮಂಜುಗಡ್ಡೆ. ಆಗ ಈಸ್ಲಾಂಡ್ ಅಂದ, ಅವ್ರ ಭಾಷೆಯಲ್ಲಿ ಮಂಜುಗಡ್ಡೆಯ ನಾಡು ಅಂತ. ಆ ಹೆಸರೇ ಉಳೀತು.

ಅಂದ್ರೆ ಯಾರನ್ನೂ ದೂರ ಇಡೋಕೆ ಹೂಡಿದ ಉಪಾಯ ಅಲ್ಲ ಸರ್, ಎಲ್ಲಾ ಕಳ್ಕೊಂಡ ಒಬ್ಬ ಮನುಷ್ಯನ ಬಾಯಿಂದ ಬಂದ ಹೆಸರು.

ಕರಿಮಣ್ಣು_ಗದಗ:
ಸಾಗಾ ಅವರ, ಭಾಳ ಚಲೋ ಬರದೀರಿ. ನನಗ ಇದರಾಗ ಕಾಗಿಗಿಂತ ಆ ಹುಲ್ಲಿನ ಮಾತ ಮನಸ್ಸಿಗೆ ಹತ್ತಿತು ನೋಡ್ರಿ. ಕಣಕಿ ಬಣವಿ ಒಟ್ಟದ ಬ್ಯಾಸಗಿಗೆ ಹೋದ ಮನಿ ಹೆಂಗ ಇರ್ತದ ಅಂತ ದನ ಕಟ್ಟಿದವರಿಗೆ ಗೊತ್ತು. ಇಲ್ಲಾದ್ರ ಪಕ್ಕದ ಊರಿಂದ ಆದ್ರೂ ತರಬಹುದು, ಅಲ್ಲಿ ಇಡೀ ದ್ವೀಪದಾಗ ಯಾರೂ ಇಲ್ಲ, ಯಾರನ್ನ ಕೇಳ್ಬೇಕು ಅಂವ? ಕೊಟ್ಟಿಗ್ಯಾಗ ಒಂದೊಂದ ದನ ಬೀಳೂದು ನೋಡ್ಕೋತ ಇಡೀ ಚಳಿಗಾಲ ಕುಂತಿರಬೇಕು. ಅಂಥಾವ ಆ ನೆಲಕ್ಕ ಛಲೋ ಹೆಸರು ಹೆಂಗ ಇಟ್ಟಾನು.

ಒಂದು ಪ್ರಶ್ನೆ ಐತಿ. ದನ ತಂದ ಮನುಷ್ಯಾಗ ಹುಲ್ಲು ಬೇಕು ಅಂತ ಗೊತ್ತಿರ್ಲಿಲ್ಲಾ? ಅಂವ ನಾರ್ವೆದಾಂವ, ಅಲ್ಲೂ ಚಳಿಗಾಲ ಇರ್ತದಲ್ಲ.

ಸಾಗಾ_ಪ್ರೇಮಿ:
ಅಣ್ಣಾ ಗೊತ್ತಿತ್ತು, ಅದಕ್ಕೇ ಪುಸ್ತಕ ಅದನ್ನ ಅಷ್ಟು ಒತ್ತಿ ಬರೆದಿರೋದು. ಅಲ್ಲಿ ಹುಲ್ಲು ಕೊಯ್ಯೋ ಕಾಲ ಬಹಳ ಚಿಕ್ಕದು, ಜುಲೈಯಿಂದ ಸೆಪ್ಟೆಂಬರ್ ಒಳಗೆ ಕೊಯ್ದು ಒಣಗಿಸಿ ಒಳಗೆ ಹಾಕ್ಬೇಕು, ಆಮೇಲೆ ತಿಂಗಳುಗಟ್ಟಲೆ ದನ ಅದರ ಮೇಲೇ ಬದುಕ್ಬೇಕು. ಕಣ್ಣೆದುರು ಅಷ್ಟು ಮೀನು ಸಿಗ್ತಿರೋವಾಗ ನಾಳೆ ಕೊಯ್ದ್ರಾಯ್ತು ಅಂದ್ಕೊಂಡಿರ್ತಾರೆ, ನಾಳೆ ನಾಳೆ ಅಂತ ಬೇಸಿಗೆ ಮುಗಿದಿರುತ್ತೆ. ಈ ಪುಸ್ತಕವನ್ನ ಬರೆದೋರು, ಕೇಳ್ತಿದ್ದೋರು ಎಲ್ಲಾ ಹುಲ್ಲಿನ ಮೇಲೆ ಬದುಕು ನಡೆಸೋರು, ಈ ಒಂದು ಸಾಲು ಓದಿದ್ರೆ ಸಾಕು ಅವ್ರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತಾಗ್ತಿತ್ತು.

ಎಷ್ಟೋ ಶತಮಾನ ಆದ ಮೇಲೂ ಅಲ್ಲಿ ಹುಲ್ಲು ಹೋದ್ರೆ ಎಲ್ಲಾ ಹೋದಂಗೆ. 1783ರಲ್ಲಿ ಲಾಕಿ ಜ್ವಾಲಾಮುಖಿ ಬಿರುಕು ಬಿಟ್ಟಾಗ ಹೊಗೆ ಬೂದಿ ಜೊತೆ ಬಂದ ಫ್ಲೋರೀನ್ ಹುಲ್ಲಿಗೆ ಸೇರಿ ಕುರಿ ದನ ಎಲ್ಲಾ ಸತ್ವು, ಹಿಂದೇನೇ ಬಂದ ಬರಗಾಲದಲ್ಲಿ ದೇಶದ ಸುಮಾರು ಐದರಲ್ಲಿ ಒಂದು ಪಾಲು ಜನ ತೀರ್ಕೊಂಡ್ರು.

ಆರ್ಹುಸ್_ಕನ್ನಡಿಗ:
ನಾನು ಡೆನ್ಮಾರ್ಕಲ್ಲಿ ಇರೋದು, ಐಸ್‌ಲ್ಯಾಂಡಿನ ಆ ಪಶ್ಚಿಮ ಭಾಗಕ್ಕೆ ಹೋಗಿದ್ದೆ, ಹಾಗಾಗಿ ಜಾಗದ ಬಗ್ಗೆ ಸ್ವಲ್ಪ ಬರೀತೀನಿ. ಸ್ಟಿಕ್ಕಿಸ್‌ಹೋಲ್ಮುರ್ ಅನ್ನೋ ಊರಿಂದ ಬಾಲ್ದುರ್ ಅಂತ ಒಂದು ಫೆರಿ ಇದೆ, ಬ್ರೇದಾಫ್ಯೋರ್ದುರ್ ದಾಟ್ಕೊಂಡು ಬ್ರಿಯಾನ್ಸ್‌ಲೈಕುರ್‌ಗೆ ಬಿಡುತ್ತೆ. ಆ ಫೆರಿ ಇಳಿಯೋ ಜಾಗಾನೇ ಫ್ಲೋಕಿ ಇಳಿದ ಫ್ಯೋರ್ಡಿನ ಬಾಯಿ. ಅಲ್ಲಿ ಹಳೇ ಮನೆ ಪಾಯದ ಗುರುತುಗಳು ಇವೆ, ಅದನ್ನ ಫ್ಲೋಕಿಯ ಮನೆ ಅಂತ ಹೆಸರಿಟ್ಟು ಕರೀತಾರೆ.

ನಾನು ಹೋಗಿದ್ದು ಬೇಸಿಗೆ. ವಾಟ್ನ್ಸ್‌ಫ್ಯೋರ್ದುರ್ ಒಳಗಡೆ ಕುಳ್ಳ ಕುಳ್ಳ ಬರ್ಚ್ ಮರದ ಕಾಡು, ಬಿಸಿಲು ಬಿದ್ದಿತ್ತು, ಇಷ್ಟು ಚೆಂದದ ಜಾಗಕ್ಕೆ ಆ ಹೆಸರಾ ಅಂತ ನನಗೂ ಅನ್ನಿಸ್ತು, ಆದ್ರೆ ಮ್ಯಾಪ್ ತೆಗೆದು ನೋಡಿದ್ರೆ ಎಲ್ಲಾ ಅರ್ಥ ಆಗುತ್ತೆ. ಗ್ರೀನ್‌ಲ್ಯಾಂಡಿಗೂ ಈ ಮೂಲೆಗೂ ಮಧ್ಯ ಸುಮಾರು 300 ಕಿಲೋಮೀಟರ್ ಅಷ್ಟೇ. ಆರ್ಕ್‌ಟಿಕ್ ಸಮುದ್ರದಿಂದ ಒಂದು ತಣ್ಣನೆ ಪ್ರವಾಹ ಗ್ರೀನ್‌ಲ್ಯಾಂಡಿನ ಪೂರ್ವ ದಡಕ್ಕೆ ಒತ್ಕೊಂಡು ದಕ್ಷಿಣಕ್ಕೆ ಹರಿಯುತ್ತೆ, ಮಂಜುಗಡ್ಡೆಯ ದೊಡ್ಡ ದೊಡ್ಡ ಹಾಳೆಗಳನ್ನ ಹೊತ್ಕೊಂಡು. ಪಶ್ಚಿಮದ ಗಾಳಿ ಹೆಚ್ಚು ದಿನ ಬೀಸಿದ್ರೆ ಅದು ಈ ಕಡೆ ಸರಿದು ಉತ್ತರ ಪಶ್ಚಿಮದ ಫ್ಯೋರ್ಡ್‌ಗಳಿಗೆ ನುಗ್ಗುತ್ತೆ. ದಕ್ಷಿಣದಲ್ಲಿ ಬೆಚ್ಚಗಿನ ಪ್ರವಾಹ ಇದೆ, ಅದಕ್ಕೇ ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿ ಸರಾಸರಿ ಸೊನ್ನೆ ಡಿಗ್ರಿ ಆಸುಪಾಸು, ಮಾಸ್ಕೋಗಿಂತ ಬೆಚ್ಚಗೆ. ಫ್ಲೋಕಿ ದಕ್ಷಿಣದ ಕಡೆ ಇಳಿದಿದ್ರೆ ಆ ಐಸ್ ಅವನ ಕಣ್ಣಿಗೇ ಬೀಳ್ತಿರ್ಲಿಲ್ಲ, ಹೆಸರೂ ಬೇರೆ ಆಗಿರ್ತಿತ್ತು ಅಂತ ನನ್ನ ನಂಬಿಕೆ.

ಮತ್ತೆ ಈ ಐಸ್ ಬರೀ ಹಳೇ ಕಾಲದ ಮಾತಲ್ಲ. 1965ರಿಂದ 1971ರ ತನಕದ ವರ್ಷಗಳನ್ನ ಅಲ್ಲಿ ಈಗಲೂ ಸಮುದ್ರದ ಐಸಿನ ವರ್ಷಗಳು ಅಂತಲೇ ನೆನಪಿಟ್ಕೊಂಡಿದಾರೆ, 1968ರಲ್ಲಿ ಅಂತೂ ಉತ್ತರ ಕರಾವಳಿ ಉದ್ದಕ್ಕೂ ತುಂಬಿತ್ತು. ಐಸ್ ಜೊತೆ ಒಮ್ಮೊಮ್ಮೆ ಹಿಮಕರಡಿ ಬರುತ್ತೆ, 2024ರ ಸೆಪ್ಟೆಂಬರಲ್ಲೂ ಪಶ್ಚಿಮ ಫ್ಯೋರ್ಡ್‌ಗಳ ಹತ್ರ ಒಂದು ಬಂದಿತ್ತು, ಒಂದು ಮನೆಗೆ ತೀರಾ ಹತ್ರ ಇತ್ತು ಅಂತ ಪೊಲೀಸರು ಗುಂಡು ಹೊಡೆದ್ರು. ಹಾಗಾಗಿ ಈಸ್ಲಾಂಡ್ ಅನ್ನೋ ಹೆಸರು ಸುಳ್ಳು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

ಕರಿಮಣ್ಣು ಅಣ್ಣಾ, ಈಗ ಆ ದೇಶದಲ್ಲಿ ಎಲ್ಲಿ ಹೋದ್ರೂ ಹೊಲದಲ್ಲಿ ಪ್ಲಾಸ್ಟಿಕ್ ಸುತ್ತಿದ ದುಂಡನೆ ಹುಲ್ಲಿನ ಉಂಡೆಗಳು ಸಾಲಾಗಿ ಇಟ್ಟಿರ್ತಾರೆ.

ಹಾಸನದ_ಓದುಗ:
ವಾಹ್, ಇಷ್ಟು ವಿಷಯ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹಾಗಾದ್ರೆ ಗ್ರೀನ್‌ಲ್ಯಾಂಡ್ ಕಥೆ? ಅದೂ ಇಂಥದ್ದೇನಾ?

ಸಾಗಾ_ಪ್ರೇಮಿ:
ಅದು ಬೇರೆ. ಫಾರ್ವರ್ಡಲ್ಲಿ ಬರೋ ಪ್ಲಾನ್ ಅನ್ನೋದು ಎಲ್ಲಾದ್ರೂ ಇದ್ರೆ ಅಲ್ಲಿದೆ, ಅದೂ ಉಲ್ಟಾ, ಜನ ಬರಲಿ ಅಂತ. ಕೆಂಪು ಎರಿಕ್ ಅನ್ನೋನನ್ನ ಕೊಲೆ ಪ್ರಕರಣಗಳಿಗೆ ಐಸ್‌ಲ್ಯಾಂಡಿಂದ ಮೂರು ವರ್ಷ ಗಡಿಪಾರು ಮಾಡಿದ್ರು. ಅವನು ಪಶ್ಚಿಮಕ್ಕೆ ಹೋಗಿ ಹೊಸ ನೆಲ ಸುತ್ತಾಡಿ ಬಂದ, ಹೆಸರು ಚೆನ್ನಾಗಿದ್ರೆ ಜನಕ್ಕೆ ಬರೋಕೆ ಮನಸ್ಸಾಗುತ್ತೆ ಅಂತ ಹಸಿರು ನಾಡು ಅಂದ. 25 ಹಡಗು ಹೊರಟ್ವು, ಮುಟ್ಟಿದ್ದು 14, ಮಿಕ್ಕಿದ್ದು ಕೆಲವು ವಾಪಸ್ ಬಂದ್ವು ಕೆಲವು ಮುಳುಗಿದ್ವು. ಇದು ಆಗಿದ್ದು 985 ಇಲ್ಲಾ 986ರಲ್ಲಿ, ಅಂದ್ರೆ ಐಸ್‌ಲ್ಯಾಂಡಿಗೆ ಹೆಸರು ಬಂದು ನೂರು ವರ್ಷಕ್ಕಿಂತ ಜಾಸ್ತಿ ಆದ ಮೇಲೆ. ಎರಡೂ ಹೆಸರು ಒಟ್ಟಿಗೆ ಕೂತು ಇಟ್ಟಿದ್ದು ಅನ್ನೋದು ಅಲ್ಲೇ ಬಿದ್ದು ಹೋಗುತ್ತೆ.

ಎರಿಕ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅವನು ನೆಲೆ ನಿಂತ ನೈರುತ್ಯದ ಫ್ಯೋರ್ಡ್‌ಗಳಲ್ಲಿ ಬೇಸಿಗೆಯಲ್ಲಿ ಕುರಿ ಮೇಯೋಷ್ಟು ಹುಲ್ಲು ಇವತ್ತಿಗೂ ಇದೆ. ಆದ್ರೆ ಆ ದೇಶದ ಸುಮಾರು 80 ಪರ್ಸೆಂಟ್ ಐಸು. ಐಸ್‌ಲ್ಯಾಂಡಲ್ಲಿ ಹಿಮನದಿಗಳು ಹತ್ತು ಪರ್ಸೆಂಟ್ ಚಿಲ್ಲರೆ.

ಶಾಸನ_ಹುಡುಕಾಟ:
ಎಲ್ಲಾ ಓದಿದೆ. ಸಾಗಾ ಅವರೇ, ನೀವು ಫ್ಲೋಕಿ ಕಥೆಯನ್ನ ಆಗಿದ್ದು ಆದಂಗೇ ಅನ್ನೋ ಥರ ಹೇಳ್ತಿದೀರ, ಅಲ್ಲಿ ನನ್ನದೊಂದು ತಕರಾರಿದೆ. ಫ್ಲೋಕಿ ಬಂದಿದ್ದು 860ರ ದಶಕದ ಆಸುಪಾಸು ಅಂತಾರೆ. ಲಾಂಡ್‌ನಾಮಬೋಕ್ ಮೊದಲು ಬರೆದಿದ್ದು 12ನೇ ಶತಮಾನದಲ್ಲಿ, ಆ ಪ್ರತಿ ಉಳಿದಿಲ್ಲ, ಈಗ ನಾವು ಓದೋದು 13ನೇ ಶತಮಾನದಲ್ಲಿ ಸ್ಟೂರ್ಲಾ ಥೋರ್ದರ್ಸನ್, 14ನೇ ಶತಮಾನದ ಶುರುವಲ್ಲಿ ಹೌಕುರ್ ಎರ್ಲೆಂಡ್ಸನ್ ಸಿದ್ಧಪಡಿಸಿದ ಬೇರೆ ಬೇರೆ ಪ್ರತಿಗಳು. ಎರಡರಲ್ಲೂ ಒಂದೇ ಕಥೆ ಇಲ್ಲ, ಸ್ಟೂರ್ಲಾ ನಡ್ಡೋಡ್ ಮೊದಲು ಅಂತಾನೆ, ಹೌಕುರ್ ಗಾರ್ದರ್ ಮೊದಲು ಅಂತಾನೆ. ಇನ್ನೂ ಮುಖ್ಯ, ಆರಿ ಥೋರ್ಗಿಲ್ಸನ್ ಅಂತ ಒಬ್ಬರು 1120, 30ರ ಹೊತ್ತಿಗೆ ಈಸ್ಲೆಂಡಿಂಗಬೋಕ್ ಅನ್ನೋ ಐಸ್‌ಲ್ಯಾಂಡ್ ಇತಿಹಾಸದ ಪುಸ್ತಕ ಬರೆದ್ರು, ಬಹಳ ಎಚ್ಚರಿಕೆಯ ಮನುಷ್ಯ, ಯಾರಿಂದ ಕೇಳಿದ್ದು ಅಂತ ಹೆಸರು ಹೇಳಿ ಬರೆಯೋರು. ಅವರ ಪುಸ್ತಕ, ಮೊದಲ ನೆಲೆಗಾರ ಅಂತ ಹೆಸರಾದ ಇಂಗೋಲ್ಫ್ ಆರ್ನರ್ಸನ್ ರೇಕ್ಯಾವಿಕ್‌ನಲ್ಲಿ ನೆಲೆ ನಿಂತಿದ್ರಿಂದ ಶುರು ಆಗುತ್ತೆ, ಫ್ಲೋಕಿ ಸುದ್ದಿನೇ ಇಲ್ಲ. ಅದೇ ಆರಿ ಗ್ರೀನ್‌ಲ್ಯಾಂಡ್ ಹೆಸರಿನ ಬಗ್ಗೆ ಬರೀತಾರೆ, ನನ್ನ ಚಿಕ್ಕಪ್ಪ ಥೋರ್ಕೆಲ್‌ಗೆ ಎರಿಕ್ ಜೊತೆ ಹೋಗಿದ್ದವನೇ ಹೇಳಿದ್ದು ಅಂತ. ಅಂದ್ರೆ ಗ್ರೀನ್‌ಲ್ಯಾಂಡ್ ಹೆಸರಿಗೆ ನೋಡಿದವನಿಂದ ಬಂದ ಸಾಕ್ಷಿ ಇದೆ, ಐಸ್‌ಲ್ಯಾಂಡ್ ಹೆಸರಿಗೆ ಇಲ್ಲ. ಈ ವ್ಯತ್ಯಾಸ ಹೇಳದೇ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ನಮ್ಮಲ್ಲೇ ನೋಡಿ, ವೀರಬಲ್ಲಾಳ ಬೆಂದ ಕಾಳು ತಿಂದ, ಅದಕ್ಕೆ ಬೆಂದಕಾಳೂರು, ಅದೇ ಬೆಂಗಳೂರು ಅಂತ ಎಷ್ಟು ಜನ ಈಗಲೂ ಹೇಳ್ತಾರೆ. ಆದ್ರೆ ಬೇಗೂರಿನ ವೀರಗಲ್ಲಲ್ಲಿ ಸುಮಾರು 890ರಲ್ಲೇ ಬೆಂಗಳೂರು ಕಾಳಗ ಅಂತ ಕೆತ್ತಿದಾರೆ, ಬಲ್ಲಾಳ ಹುಟ್ಟೋದಕ್ಕೆ ಎಷ್ಟೋ ಮುಂಚೆ. ಹೆಸರು ಮೊದಲು ಇರುತ್ತೆ, ಅದಕ್ಕೊಂದು ಕಥೆ ಆಮೇಲೆ ಬರುತ್ತೆ.

ಸಾಗಾ_ಪ್ರೇಮಿ:
ಶಾಸನ ಸರ್, ಆರಿ ವಿಷಯ ಒಳ್ಳೇ ಮಾತು, ಒಪ್ತೀನಿ. ಆದ್ರೆ ಬೆಂದಕಾಳೂರಿನ ಜೊತೆ ಪೂರ್ತಿ ಹೊಂದಲ್ಲ ಅನ್ಸುತ್ತೆ. ಅಲ್ಲಿ ಶಾಸನ ಕಥೆಯನ್ನ ಸುಳ್ಳು ಮಾಡುತ್ತೆ, ಇಲ್ಲಿ ಕಥೆ ತಡವಾಗಿ ಬರೆದಿದ್ದು ಅಷ್ಟೇ. ಫ್ಲೋಕಿ ಬೆಟ್ಟ ಹತ್ತಿದ್ದು ಬಿಟ್ಟಿದ್ದು ಪಕ್ಕಕ್ಕಿಡಿ, ಆ ಕಡೆ ಐಸ್ ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಇದೆ. 825ರಲ್ಲಿ ಡಿಕುಯಿಲ್ ಅನ್ನೋ ಐರಿಶ್ ಸನ್ಯಾಸಿ ಲ್ಯಾಟಿನ್‌ನಲ್ಲಿ ಬರೆದಿದಾನೆ, ಸುಮಾರು 30 ವರ್ಷದ ಹಿಂದೆ ಕೆಲವು ಪಾದ್ರಿಗಳು ಥೂಲೆ ಅನ್ನೋ ದ್ವೀಪದಲ್ಲಿ ಇದ್ದು ಬಂದ್ರು, ಬೇಸಿಗೆಯಲ್ಲಿ ಮಧ್ಯರಾತ್ರಿಯೂ ಅಂಗಿಯ ಹೇನು ಹೆಕ್ಕೋವಷ್ಟು ಬೆಳಕು, ಅಲ್ಲಿಂದ ಉತ್ತರಕ್ಕೆ ಒಂದು ದಿನ ಹಡಗಲ್ಲಿ ಹೋದ್ರೆ ಹೆಪ್ಪುಗಟ್ಟಿದ ಸಮುದ್ರ ಸಿಗುತ್ತೆ ಅಂತ. ಅದು ಐಸ್‌ಲ್ಯಾಂಡೇ ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ವೈಕಿಂಗರು ಬರೋಕೆ ಮುಂಚೆ ಅಲ್ಲಿ ಐರಿಶ್ ಸನ್ಯಾಸಿಗಳು ಇದ್ರು ಅಂತ ಆರಿಯೂ ಬರೀತಾರೆ. ಹಾಗಾಗಿ ಐಸ್ ನೋಡಿ ಹೆಸರಿಟ್ಟರು ಅನ್ನೋದು ಗಟ್ಟಿ, ಇಟ್ಟವನು ಫ್ಲೋಕಿ ಅನ್ನೋದು ಪರಂಪರೆ. ಇಷ್ಟಕ್ಕೆ ಒಪ್ತೀರಾ?

ಶಾಸನ_ಹುಡುಕಾಟ:
ಇಷ್ಟಕ್ಕೆ ಧಾರಾಳವಾಗಿ ಒಪ್ತೀನಿ. ಇನ್ನೊಂದು ಸೇರಿಸ್ತೀನಿ, ನನಗೆ ಬಹಳ ಇಷ್ಟದ ವಿಷಯ. ಸ್ವೀಡನ್ನಿನ ಗೋಟ್ಲಾಂಡ್ ದ್ವೀಪದಲ್ಲಿ ಟೀಮನ್ಸ್ ಅನ್ನೋ ಕಡೆ 11ನೇ ಶತಮಾನದ ಒಂದು ಸಾಣೆಕಲ್ಲು ಸಿಕ್ಕಿದೆ, ಮೇಲೆ ಆ ಕಡೆಯ ಹಳೇ ಲಿಪಿಯಾದ ರೂನ್ ಅಕ್ಷರದಲ್ಲಿ ಇಬ್ಬರ ಹೆಸರು, ಕೆಳಗೆ ನಾಲ್ಕು ಜಾಗ: ಗ್ರೀಸ್, ಜೆರುಸಲೇಮ್, ಐಸ್‌ಲ್ಯಾಂಡ್, ಅರಬರ ನಾಡು. ಬಹುಶಃ ಅವ್ರು ಸುತ್ತಿ ಬಂದ ಊರುಗಳು. ಈ ಹೆಸರು ಸಿಗೋ ಅತಿ ಹಳೇ ಬರಹಗಳಲ್ಲಿ ಇದೊಂದು, ಮೇಲೆ ಹೇಳಿದ ಐಸ್‌ಲ್ಯಾಂಡಿನವರ ಯಾವ ಪುಸ್ತಕಕ್ಕಿಂತಲೂ ಹಳೇದು. ಆ ಹೊತ್ತಿಗೇ ಗೋಟ್ಲಾಂಡ್ ಇರೋ ಬಾಲ್ಟಿಕ್ ಸಮುದ್ರದ ಕಡೆಯ ಸಾಮಾನ್ಯ ಜನಕ್ಕೂ ಈ ಹೆಸರು ಗೊತ್ತಿತ್ತು ಅಂತಾಯ್ತಲ್ಲ. 1070ರ ದಶಕದಲ್ಲಿ ಜರ್ಮನಿಯ ಬ್ರೆಮೆನ್ನಿನ ಆಡಂ ಅನ್ನೋ ಪಾದ್ರಿಯೂ ಸಮುದ್ರ ಕಟ್ಟಿ ಹಾಕೋ ಐಸಿನಿಂದಲೇ ಈ ಹೆಸರು ಅಂತ ಬರೀತಾನೆ, ಜೊತೆಗೆ ಅಲ್ಲಿಯ ಐಸು ಹಳೇದಾಗಿ ಕಪ್ಪಾಗಿ ಒಣಗಿ ಬೆಂಕಿ ಹಚ್ಚಿದ್ರೆ ಉರಿಯುತ್ತೆ ಅಂತಾನೂ ಬರೆದಿದಾನೆ. ಯಾರೋ ಹೇಳಿದ ಲಾವಾ ಕಲ್ಲಿನ ಸುದ್ದಿ ಅವನ ತನಕ ಹೋಗೋವಾಗ ಹಿಂಗಾಗಿರಬೇಕು.

ಆಮೇಲೆ ಜನ ನೆಲೆಸಿದ ಕಾಲದ ಬಗ್ಗೆ ಪುಸ್ತಕಕ್ಕಿಂತ ಗಟ್ಟಿ ಆಧಾರ ಮಣ್ಣಲ್ಲೇ ಇದೆ. 870ರ ದಶಕದಲ್ಲಿ ಒಂದು ಸ್ಫೋಟ ಆಗಿ ದೇಶದ ಬಹುಪಾಲು ಕಡೆ ಬೂದಿಯ ಪದರ ಬಿದ್ದಿದೆ, ಗ್ರೀನ್‌ಲ್ಯಾಂಡಿನ ಐಸ್ ಕೊರೆದು ನೋಡಿ ಅದರ ಕಾಲ ಹಿಡಿದಿದಾರೆ. ಮನೆ ಪಾಯಗಳು ಹೆಚ್ಚೂಕಮ್ಮಿ ಎಲ್ಲಾ ಆ ಪದರದ ಮೇಲೇ ಸಿಗೋದು. ಇಂಗೋಲ್ಫ್ ಬಂದಿದ್ದು 874 ಅನ್ನೋ ಸಾಂಪ್ರದಾಯಿಕ ಲೆಕ್ಕಕ್ಕೆ ಇದು ಬಹಳ ಹತ್ರ.

ತುಂಗಾ_ತೀರ:
ನನ್ನದೊಂದು ಚಿಕ್ಕ ಡೌಟು. ಇಂಗ್ಲಿಷಲ್ಲಿ ದ್ವೀಪಕ್ಕೆ ಐಲ್ಯಾಂಡ್ ಅಂತೀವಿ, ಸ್ಪೆಲ್ಲಿಂಗ್ ನೋಡಿದ್ರೆ ಅವ್ರ ಈಸ್ಲಾಂಡ್ ಅನ್ನೋದೂ ಅದೇ. ಬರೀ ದ್ವೀಪ ಅಂತಲೇ ಇಟ್ಟಿರಬಹುದಲ್ವಾ, ಐಸಿಗೂ ಅದಕ್ಕೂ ಸಂಬಂಧನೇ ಇಲ್ದೆ?

ಆರ್ಹುಸ್_ಕನ್ನಡಿಗ:
ಇಲ್ಲ ಮೇಡಂ, ಅದು ಕಾಕತಾಳೀಯ. ಇಂಗ್ಲಿಷ್ ಪದದಲ್ಲಿ ಮೊದಲು ಆ ಎಸ್ ಅಕ್ಷರನೇ ಇರ್ಲಿಲ್ಲ, ಫ್ರೆಂಚಿಂದ ಬಂದ ಇನ್ನೊಂದು ಪದದ ಪ್ರಭಾವಕ್ಕೆ ಎಷ್ಟೋ ಶತಮಾನ ಆದ್ಮೇಲೆ ಸೇರಿಸಿದ್ದು, ಅದಕ್ಕೇ ಬರೀತೀವಿ ಆದ್ರೆ ಉಚ್ಚರಿಸಲ್ಲ. ಐಸ್‌ಲ್ಯಾಂಡ್ ಭಾಷೆಯಲ್ಲಿ ದ್ವೀಪಕ್ಕೆ ಎಯ್ ಇಲ್ಲಾ ಎಯ್ಯ ಅಂತಾರೆ, 1963ರಲ್ಲಿ ಸಮುದ್ರದಿಂದ ಎದ್ದ ಹೊಸ ದ್ವೀಪಕ್ಕೆ ಸುರ್ಟ್ಸೆಯ್ ಅಂತ ಇಟ್ರಲ್ಲ, ಆ ಕೊನೇದು ಅದೇ.

ಹೆಸರಿನ ಬಗ್ಗೆ ಅವ್ರಿಗೆ ಎಷ್ಟು ಕಾಳಜಿ ಅಂದ್ರೆ, ಬ್ರಿಟನ್ನಿನಲ್ಲಿ ಐಸ್‌ಲ್ಯಾಂಡ್ ಅಂತಲೇ ಹೆಸರಿರೋ ಸೂಪರ್‌ಮಾರ್ಕೆಟ್ ಇದೆ, ಅವ್ರು ಆ ಪದವನ್ನ ಯುರೋಪಿಯನ್ ಯೂನಿಯನ್‌ನಲ್ಲಿ ಟ್ರೇಡ್‌ಮಾರ್ಕ್ ಮಾಡ್ಕೊಂಡಿದ್ರು. 2016ರಲ್ಲಿ ಐಸ್‌ಲ್ಯಾಂಡ್ ಸರ್ಕಾರ ಅದರ ವಿರುದ್ಧ ದೂರು ಕೊಡ್ತು, 2019ರಲ್ಲಿ ಆ ಟ್ರೇಡ್‌ಮಾರ್ಕ್ ಅಸಿಂಧು ಅಂತ ತೀರ್ಪು ಬಂತು, 2022ರ ಮೇಲ್ಮನವಿಯಲ್ಲೂ ದೇಶದ ಪರವೇ ಆಯ್ತು. ಸರಿಯಾಗೇ ಆಯ್ತು ಅಂತೀನಿ ನಾನು, ಒಂದು ದೇಶ ತನ್ನ ಮೀನು ತನ್ನ ಉಣ್ಣೆ ಮಾರೋಕೆ ತನ್ನ ಹೆಸರನ್ನೇ ಇನ್ನೊಬ್ರ ಹತ್ರ ಕೇಳೋ ಹಂಗಾಗಬಾರದು.

ಕರಿಮಣ್ಣು_ಗದಗ:
ಎಲ್ಲಾ ತಿಳೀತು. ಇನ್ನೊಂದು ಕೇಳ್ತೀನಿ. ಹೆಸರು ಅಷ್ಟು ಕೆಟ್ಟದಿದ್ರೂ ಜನ ಯಾಕ ಹೋದ್ರು? ಮತ್ತ ಫ್ಲೋಕಿ ಏನಾದ?

ಸಾಗಾ_ಪ್ರೇಮಿ:
ಅಣ್ಣಾ, ಫ್ಲೋಕಿ ಒಬ್ಬನೇ ಮಾತಾಡಿದ್ರೆ ಯಾರೂ ಹೋಗ್ತಿರ್ಲಿಲ್ಲ. ಅವನ ಜೊತೆ ಹಡಗಲ್ಲಿ ಹೆರ್ಯೋಲ್ಫ್, ಥೋರೋಲ್ಫ್ ಅಂತ ಇಬ್ಬರಿದ್ರು. ನಾರ್ವೆಗೆ ವಾಪಸ್ ಬಂದಾಗ ಜನ ಕೇಳಿದ್ರು, ಹೆಂಗಿದೆ ಆ ನೆಲ ಅಂತ. ಫ್ಲೋಕಿ ಕೆಟ್ಟದ್ದೇ ಹೇಳಿದ. ಹೆರ್ಯೋಲ್ಫ್ ಒಳ್ಳೇದೂ ಇದೆ ಕೆಟ್ಟದ್ದೂ ಇದೆ ಅಂದ. ಥೋರೋಲ್ಫ್ ಮಾತ್ರ ಅಲ್ಲಿ ಒಂದೊಂದು ಹುಲ್ಲುಕಡ್ಡಿಯಿಂದಲೂ ಬೆಣ್ಣೆ ತೊಟ್ಟಿಕ್ಕುತ್ತೆ ಅಂದ, ಅವತ್ತಿಂದ ಅವನ ಹೆಸರೇ ಬೆಣ್ಣೆ ಥೋರೋಲ್ಫ್ ಆಯ್ತು. ನೋಡಿ, ಅವನು ಹೊಗಳಿದ್ದೂ ಹುಲ್ಲನ್ನೇ. ದನ ಕಟ್ಟೋ ಜನಕ್ಕೆ ಬೇಕಿದ್ದ ಸುದ್ದಿ ಅದು. ನಾರ್ವೆಯಲ್ಲಿ ಸಾಗುವಳಿ ನೆಲ ಕಮ್ಮಿ, ಇಲ್ಲಿ ಹಿಡಿದೋನಿಗೆ ಹಿಡಿದಷ್ಟು, ಬೆಟ್ಟದಿಂದ ದಡದ ತನಕ ಕಾಡು ಅಂತ ಆರಿ ಬರೀತಾರೆ. ಅವ್ರು ಮನೆಗೆ, ಸೌದೆಗೆ ಕಡಿದು ಕುರಿ ಮೇಯಿಸಿ ಆ ಕಾಡನ್ನ ಮುಗಿಸಿದ್ರು ಅನ್ನೋದು ಬೇರೆ ದುಃಖದ ಕಥೆ, ಈಗ ನೂರಕ್ಕೆ ಎರಡರಷ್ಟು ಉಳಿದಿದೆ. ಸುಮಾರು 60 ವರ್ಷದಲ್ಲಿ ನೆಲ ಪೂರ್ತಿ ಹಂಚಿಕೆ ಆಗೋಯ್ತು ಅಂತಾರೆ. ಹೆಸರು ಯಾರನ್ನೂ ತಡೀಲಿಲ್ಲ.

ಫ್ಲೋಕಿ ಏನಾದ ಅಂದ್ರೆ, ಅವನೂ ವಾಪಸ್ ಬಂದ. ಅಷ್ಟು ಬೈದವನೇ ಆಮೇಲೆ ಸಂಸಾರ ಸಮೇತ ಬಂದು ಉತ್ತರದಲ್ಲಿ ಸ್ಕಾಗಾಫ್ಯೋರ್ದುರ್ ಕಡೆ ಒಂದು ಕಣಿವೆ ಹಿಡಿದು ಅಲ್ಲೇ ಕೊನೇ ತನಕ ಇದ್ದ, ಆ ಕಣಿವೆಗೆ ಈಗಲೂ ಫ್ಲೋಕಾದಾಲುರ್ ಅಂತಲೇ ಹೆಸರು. ಮೊದಲ ಸಲ ಬರೋವಾಗ ದಾರಿಯಲ್ಲಿ ಸ್ಕಾಟ್‌ಲ್ಯಾಂಡಿಗೆ ಉತ್ತರದ ದ್ವೀಪಗಳಾದ ಶೆಟ್‌ಲ್ಯಾಂಡಲ್ಲಿ ಅವನ ಮಗಳು ಗೇರ್‌ಹಿಲ್ಡ್ ಒಂದು ಕೆರೆಯಲ್ಲಿ ಮುಳುಗಿ ತೀರ್ಕೊಂಡಿದ್ಲು, ಅಂದ್ರೆ ಬೆಟ್ಟ ಹತ್ತಿ ಆ ಹೆಸರು ಇಡೋ ಹೊತ್ತಿಗೆ ಅವನು ದನ ಒಂದೇ ಅಲ್ಲ ಮಗಳನ್ನೂ ಕಳ್ಕೊಂಡಿದ್ದ. ಆ ಸಾಲು ಓದದೇ ಫ್ಲೋಕಿ ಸಿಟ್ಟಿನ ಮನುಷ್ಯ, ಹುಲ್ಲು ಕೊಯ್ಯದ ಸೋಮಾರಿ ಅಂತ ಬರೆಯೋರನ್ನ ಕಂಡ್ರೆ ನನಗೆ ಸಂಕಟ ಆಗುತ್ತೆ. ಓದುಗ ಸರ್, ಅಕ್ಕನ ಮಗಳು ಕ್ವಿಜ್‌ಗೆ ಬರೀತಾಳೆ ಅಂದ್ರಲ್ಲ, ಮಗಳ ಈ ವಿಷಯಾನೂ ಅವಳಿಗೆ ಹೇಳಿ.